ಕದಿಯಲು ಏನೂ ಇಲ್ಲದ ವೆಬ್‌ಸೈಟಿಗೂ ಬೀಗ ಬೇಕು

‘ನಮ್ಮ ವೆಬ್‌ಸೈಟಿನ್ಯಾಗ ಕದಿಯಾಕ ಏನೈತ್ರಿ? ನಾಕು ಸೀರಿ ಫೋಟೊ, ಒಂದು ಫೋನ್ ನಂಬರ’ ಎಂದು ಬೆಟಗೇರಿಯ ನೇಕಾರರ ಮನೆಯ ಹುಡುಗ ಕೇಳಿದರೆ ತಪ್ಪೇನಿಲ್ಲ. ಬೀಗ ಇರುವುದು ಬ್ಯಾಂಕಿನವರಿಗೆ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಆದರೆ ಚಿಂತೆ ಕಳವಿನದಲ್ಲ, ಕಲಬೆರಕೆಯದು.

2015ರ ಜೂನ್‌ನಲ್ಲಿ ಬೆಂಗಳೂರಿನ ತಂತ್ರಜ್ಞ ತೇಜೇಶ್ ಜಿ.ಎನ್. ಅವರಿಗೆ ತಮ್ಮದೇ ಜಾಲತಾಣದ ಪುಟದೊಳಗೆ ತಾವು ಬರೆಯದ ಕೋಡ್ ಕಂಡಿತು. ತೆರೆದದ್ದು ಏರ್‌ಟೆಲ್ 3ಜಿಯಲ್ಲಿ. ಸರ್ವರಿನಲ್ಲಿ ಆ ಸಾಲುಗಳಿರಲಿಲ್ಲ, ನಡುದಾರಿಯಲ್ಲಿ ಸೇರಿದ್ದವು. ಗದಗಿನ ಪ್ರೆಸ್ಸಿನಲ್ಲಿ ಅಚ್ಚಾದ ಪುಸ್ತಕಕ್ಕೆ ಹುಬ್ಬಳ್ಳಿ ದಾರಿಯಲ್ಲಿ ಯಾರೋ ತಮ್ಮದೊಂದು ಹಾಳೆ ಹೊಲಿದು ಕಳಿಸಿದ ಹಾಗೆ. ಅವರು ಅದನ್ನು ಗಿಟ್‌ಹಬ್‌ನಲ್ಲಿ ಬಯಲಿಗಿಟ್ಟರೆ, ಕೋಡ್ ತನ್ನದೆಂದ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಂಪನಿ ಅವರಿಗೇ ನೋಟಿಸ್ ಕಳಿಸಿತು! ಗ್ರಾಹಕರಿಗೆ ಡೇಟಾ ಬಳಕೆ ತಿಳಿಸಲೆಂದು ಹೀಗೆ ಮಾಡಿದ್ದು ಎಂಬುದು ಏರ್‌ಟೆಲ್ ಕೊಟ್ಟ ಸಮಜಾಯಿಷಿ. ವೆಬ್‌ಸೈಟಿನ ಬೀಗವಾದ ಎಚ್‌ಟಿಟಿಪಿಎಸ್ ಇದ್ದಲ್ಲಿ ಇಂಥ ತುರುಕಾಟ ನಡೆಯದು. ದಾರಿಯಲ್ಲಿ ಒಂದಕ್ಷರ ಬದಲಾದರೂ ಬ್ರೌಸರ್ ಒಪ್ಪುವುದಿಲ್ಲ. ಅದೇ ಜೂನ್‌ನಲ್ಲಿ ಕನ್ನಡವೂ ಸೇರಿ ಎಲ್ಲ ಭಾಷೆಗಳ ವಿಕಿಪೀಡಿಯವನ್ನು ಎಚ್‌ಟಿಟಿಪಿಎಸ್‌ಗೆ ಸಾಗಿಸುವುದಾಗಿ ವಿಕಿಮೀಡಿಯ ಪ್ರಕಟಿಸಿತು.

ಖರ್ಚಿನ ನೆಪವೂ ಈಗ ಉಳಿದಿಲ್ಲ. 2015ರ ಡಿಸೆಂಬರ್‌ನಿಂದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಈ ಬೀಗಕ್ಕೆ ಬೇಕಾದ ಪ್ರಮಾಣಪತ್ರವನ್ನು ಎಲ್ಲರಿಗೂ ಪುಕ್ಕಟೆ ಕೊಡುತ್ತಿದೆ. ಅದನ್ನು ಹಾಕಿಕೊಳ್ಳುವುದು ಸುಲಭ, ತಲೆನೋವು ಶುರುವಾಗುವುದು ಆಮೇಲೆ. ಹಳೆಯ ಪುಟಗಳಲ್ಲಿ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಫೋಟೊಗೆ, ಬೀಗವಿಲ್ಲದ ‘ಎಚ್‌ಟಿಟಿಪಿ’ಯಿಂದಲೇ ಶುರುವಾಗುವ ಪೂರ್ತಿ ವಿಳಾಸ ಬರೆದಿರುತ್ತೀರಿ. ಪುಟ ಭದ್ರ, ಫೋಟೊ ಅಭದ್ರ. ಬ್ರೌಸರ್ ಅಂಥ ಫೋಟೊ ತೋರಿಸಲು ಹಿಂದೇಟು ಹಾಕಬಹುದು. ಅಂಥ ವಿಳಾಸಗಳನ್ನು ಹುಡುಕಿ ತಿದ್ದಬೇಕು. ಹಳೆಯ ವಿಳಾಸಕ್ಕೆ ಬಂದವರನ್ನು 301 ರೀಡೈರೆಕ್ಟ್ ಮೂಲಕ ಹೊಸದಕ್ಕೆ ಕಳಿಸಬೇಕು, ಇಲ್ಲವಾದರೆ ಗೂಗಲ್‌ಗೂ ಗೊಂದಲ. ಏನೂ ಮಾಡದೆ ಕೂತರೆ, 2018ರ ಜುಲೈನಿಂದ ಕ್ರೋಮ್ ಬೀಗವಿಲ್ಲದ ತಾಣಗಳ ಹಣೆಗೆ ‘ನಾಟ್ ಸೆಕ್ಯೂರ್’ ಎಂದು ಬರೆಯುತ್ತಿದೆ.

ಬೀಗ ಕಂಡಾಕ್ಷಣ ಅಂಗಡಿಯವ ಪ್ರಾಮಾಣಿಕ ಎಂದೂ ಅಲ್ಲ ಅನ್ನಿ. ಮೋಸದ ತಾಣಕ್ಕೂ ಬೀಗ ಸಿಗುತ್ತದೆ.

ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರದ ಆಯುಷ್ಯ ಸಾಮಾನ್ಯವಾಗಿ 90 ದಿನ. ಅವಧಿ ಮುಗಿದರೆ ಬಂದವರಿಗೆ ಕಾಣುವುದು ಸೀರೆಯಲ್ಲ, ಪರದೆ ತುಂಬ ಎಚ್ಚರಿಕೆ. ಮುಗಿಯುವ ಮುನ್ನ ನೆನಪಿಸುತ್ತಿದ್ದ ಇಮೇಲ್‌ಗಳನ್ನೂ ಸಂಸ್ಥೆ 2025ರ ಜೂನ್‌ನಲ್ಲಿ ನಿಲ್ಲಿಸಿದೆ. ಆದ್ದರಿಂದ ಶಿರಹಟ್ಟಿಯಲ್ಲಿರಲಿ, ಮುಂಡರಗಿಯಲ್ಲಿರಲಿ, ವೆಬ್‌ಸೈಟ್ ಮಾಡಿಕೊಟ್ಟವರಿಗೆ ಇವತ್ತೇ ಫೋನ್ ಹಚ್ಚಿ, ನವೀಕರಣ ತಾನಾಗಿಯೇ ಆಗುತ್ತದೆಯೇ ಕೇಳಿ. ದುಡ್ಡು ಕೇಳಿದರೆ, ಅದು ಪ್ರಮಾಣಪತ್ರಕ್ಕೋ ಅವರ ಕೆಲಸಕ್ಕೋ ಎಂಬುದನ್ನೂ ಕೇಳಿ.