ಗುಜರಿ ಸೇರುವ ಮುನ್ನ ಹಳೆಯ ಯುರೋಕ್ಲೀನ್

ಹುಲಗೂರು: ಕಸಬರಿಗೆಯೇ ಸಾಕೆನ್ನುವ ಊರುಗಳಲ್ಲಿ ಹಳೆಯ ವ್ಯಾಕ್ಯೂಮ್ ಕ್ಲೀನರ್ ಹುಡುಕುವುದು ಸುಲಭವಲ್ಲ. ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ 1901ರಲ್ಲಿ ರೂಪಿಸಿದ ಯಂತ್ರವನ್ನು ಕುದುರೆಗಾಡಿಯಲ್ಲಿ ಒಯ್ಯಬೇಕಿತ್ತು! ನಮ್ಮಲ್ಲಿ ಅದನ್ನು ಮನೆಮಾತಾಗಿಸಿದ್ದು 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್. ಅದರ ಟೈ ಕಟ್ಟಿದ ಮಾರಾಟಗಾರರು ನಗರಗಳ ಮನೆಬಾಗಿಲಿಗೇ ಬಂದು ಯುರೋಕ್ಲೀನ್‌ನ ಪ್ರಾತ್ಯಕ್ಷಿಕೆ ನೀಡುತ್ತಿದ್ದರು.

ಆದ್ದರಿಂದ ಈ ಭಾಗದ ಆಸಕ್ತರು ಹುಬ್ಬಳ್ಳಿಯಂಥ ನಗರಗಳ ಗುಜರಿ ಅಂಗಡಿ, ಹಳೆಯ ಮನೆಗಳ ಅಟ್ಟಗಳತ್ತ ನೋಡುವುದೇ ಲೇಸು. ವಿಳಂಬ ಮಾತ್ರ ಸಲ್ಲದು. ಮೋಟಾರಿನೊಳಗಿನ ತಾಮ್ರಕ್ಕಾಗಿ ಗುಜರಿಯಲ್ಲಿ ಇಂಥ ಯಂತ್ರಗಳನ್ನು ಒಡೆದುಹಾಕಲಾಗುತ್ತದೆ.

ಕೊಂಡೊಡನೆ ಸ್ವಿಚ್ ಒತ್ತಬೇಡಿ. ವೈರಿನ ಹೊದಿಕೆ ಬಿರಿದಿದೆಯೇ, ಕಾರ್ಬನ್ ಬ್ರಷ್ ಸವೆದಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕೊಳವೆ, ಧೂಳಿನ ಚೀಲಗಳಿಲ್ಲದ ಯಂತ್ರಕ್ಕೆ ಹೆಚ್ಚು ಹಣ ತೆರಬೇಡಿ. ಅವು ಬಿಡಿಯಾಗಿ ದೊರೆಯುವುದು ಇನ್ನೂ ಕಷ್ಟ.