ಬಣವೆಯ ಬೆಂಕಿ, ಕಡಲಿನ ಒಡ್ಡು

ಜಪಾನ್ ಅಂದ ಕೂಡಲೇ ಫ್ಯೂಜಿ ಪರ್ವತ, ಚೆರ್ರಿ ಹೂವು, ಬುಲೆಟ್ ರೈಲು ನೆನಪಾಗುತ್ತವೆ ಅಲ್ಲವೇ? ಅಲ್ಲಿಗೆ ಹೋದಾಗ ಇವನ್ನೆಲ್ಲ ನಾನೂ ನೋಡಿದೆ. ಆದರೆ ಮನಸ್ಸಿನಲ್ಲಿ ಉಳಿದದ್ದು ವಾಕಾಯಾಮಾ ಪ್ರಾಂತ್ಯದ ಹಿರೋಗಾವಾ ಎಂಬ ಸಣ್ಣ ಊರಿನ ಮಣ್ಣಿನ ಒಡ್ಡು. ನೋಡೋಕೆ ನಮ್ಮ ಕೆರೆ ಏರಿ ಇದ್ದ ಹಾಗೇ ಇದೆ. ಆದರೆ ಅದರಾಚೆ ಇರುವುದು ಕೆರೆಯಲ್ಲ, ಕಡಲು!

ಸುನಾಮಿ ಎಂಬುದು ಜಪಾನಿ ಮಾತು. ‘ತ್ಸು’ ಅಂದರೆ ಬಂದರು, ‘ನಾಮಿ’ ಅಂದರೆ ಅಲೆ. ಕಡಲ ತಳದಲ್ಲಿ ಭೂಕಂಪವಾಗಿ ನೆಲ ಮೇಲೆ ಕೆಳಗೆ ಸರಿದರೆ ನೀರು ಉಕ್ಕಿ ದಡಕ್ಕೆ ನುಗ್ಗುತ್ತದೆ.

1854ರ ಡಿಸೆಂಬರ್‌ನಲ್ಲಿ ಈ ಊರಿಗೆ ಅಂಥ ಅಲೆ ಬಂತು. ಕತ್ತಲಾಗಿತ್ತು. ಓಡೋಣವೆಂದರೆ ದಾರಿ ಕಾಣದು. ಆಗ ಹಮಾಗುಚಿ ಗೊರ್ಯೋ ಎಂಬ ಸೋಯಾ ಸಾಸ್ ವ್ಯಾಪಾರಿ ಗದ್ದೆಯಲ್ಲಿದ್ದ ಭತ್ತದ ಹುಲ್ಲಿನ ಬಣವೆಗಳಿಗೆ ಬೆಂಕಿ ಹಚ್ಚಿಸಿದರು. ಆ ಬೆಳಕು ನೋಡಿಕೊಂಡು ಜನ ಎತ್ತರದಲ್ಲಿದ್ದ ದೇವಸ್ಥಾನಕ್ಕೆ ಓಡಿ ಜೀವ ಉಳಿಸಿಕೊಂಡರು. 1937ರಿಂದ ಹತ್ತು ವರ್ಷ ಈ ಕಥೆ ಜಪಾನಿನ ಶಾಲೆಗಳಲ್ಲಿ ಪಾಠವಾಗಿತ್ತು.

ನನಗೆ ಮಾತ್ರ ಇದರ ಮುಂದಿನ ಭಾಗವೇ ದೊಡ್ಡದು ಅನ್ನಿಸ್ತು. ಜೀವವೇನೋ ಉಳಿಯಿತು. ಮನೆ, ದೋಣಿ ಎಲ್ಲ ಹೋಗಿತ್ತು. ಕೆಲಸವಿಲ್ಲದೆ ಜನ ಊರು ಬಿಡುವ ಹಾಗಾಯಿತು. ಗೊರ್ಯೋ ಅವರು ತಮ್ಮ ದುಡ್ಡು ಹಾಕಿ ಒಡ್ಡು ಕಟ್ಟಿಸಲು ಶುರುಮಾಡಿದರು. ಕೆಲಸಕ್ಕೆ ಊರಿನವರನ್ನೇ ಕರೆದು ಕೂಲಿ ಕೊಟ್ಟರು. ಹೀಗೆ ಅಂದಿನ ಊಟಕ್ಕೂ ಆಯಿತು, ನಾಳೆಯ ರಕ್ಷಣೆಗೂ ಆಯಿತು. ಸುಮಾರು 600 ಮೀಟರ್ ಉದ್ದ, 5 ಮೀಟರ್ ಎತ್ತರದ ಈ ಒಡ್ಡು 1858ರಲ್ಲಿ ಮುಗಿಯಿತು. ಕಡಲ ಕಡೆಗೆ ಪೈನ್ ಮರಗಳನ್ನೂ, ಊರ ಕಡೆಗೆ ಮೇಣ ಕೊಡುವ ಮರಗಳನ್ನೂ ನೆಟ್ಟರು.

ಗೊರ್ಯೋ 1885ರಲ್ಲಿ ತೀರಿಹೋದರು. ಮತ್ತೆ ದೊಡ್ಡ ಸುನಾಮಿ ಬಂದದ್ದು 1946ರಲ್ಲಿ! ಒಡ್ಡಿನ ಹಿಂದಿದ್ದ ಊರಿನ ಬಹುಭಾಗ ಉಳಿಯಿತು. ಕಟ್ಟಿಸಿದವರು ಅದನ್ನು ನೋಡಲಿಲ್ಲ.

ಇಂದಿಗೂ ಪ್ರತಿ ನವೆಂಬರ್‌ನಲ್ಲಿ ಅಲ್ಲಿ ಸುನಾಮಿ ಹಬ್ಬ ನಡೆಯುತ್ತೆ. ಶಾಲಾ ಮಕ್ಕಳು ಮಣ್ಣು ತಂದು ಒಡ್ಡಿಗೆ ಹಾಕ್ತಾರೆ. 2015ರಲ್ಲಿ ವಿಶ್ವಸಂಸ್ಥೆಯು ನವೆಂಬರ್ 5ನ್ನು ವಿಶ್ವ ಸುನಾಮಿ ಜಾಗೃತಿ ದಿನವೆಂದು ಸಾರಿದ್ದೂ ಈ ಬಣವೆಯ ಬೆಂಕಿಯ ನೆನಪಿಗೇ.

ಒಡ್ಡು ಇದೆಯೆಂದು ಅಲ್ಲಿಯವರು ಸುಮ್ಮನೆ ಕೂರುವುದಿಲ್ಲ. ನೆಲ ನಡುಗಿದರೆ ಎತ್ತರಕ್ಕೆ ಓಡಬೇಕು ಎಂದು ಮಕ್ಕಳಿಗೂ ಕಲಿಸುತ್ತಾರೆ. ಅಲೆಯನ್ನು ಬರಬೇಡ ಅನ್ನೋಕೆ ಯಾರಿಂದಲೂ ಆಗದು. ಆದರೆ ಹೋದ ಸಲದ ಅಲೆಯನ್ನು ಮರೆಯದೇ ಇರುವುದು ನಮ್ಮ ಕೈಯಲ್ಲೇ ಇದೆ.