ಸಬ್‌ವೂಫರ್ ಆನ್ ಆಗ್ತಿಲ್ವಾ? ಹೊಸದು ತಗೊಳ್ಳೋ ಮುಂಚೆ ಇಷ್ಟು ನೋಡಿ

ಇವತ್ತಿನ ಸಂಚಿಕೆ ಹೋಮ್ ಥಿಯೇಟರ್ ಇಟ್ಕೊಂಡಿರೋರಿಗೆ. ಟಿವಿ ಪಕ್ಕದ ಮೂಲೆಯಲ್ಲಿ ಕೂತು ಧಡ್ ಧಡ್ ಅನ್ನೋ ಆ ದೊಡ್ಡ ಡಬ್ಬಿ ಇದೆಯಲ್ಲ, ಸಬ್‌ವೂಫರ್, ಅದು ಒಂದಿನ ಆನ್ ಆಗಲ್ಲ ಅಂತ ಕೂತರೆ ಏನು ಮಾಡೋದು? ‘ಹೋಯ್ತು, ಹೊಸದು ತಗೋ’ ಅಂತ ಸ್ನೇಹಿತರು ಹೇಳಿಬಿಡ್ತಾರೆ. ಆದರೆ ಎಷ್ಟೋ ಸಲ ಹೋಗಿರೋದು ಕೆಲವೇ ರೂಪಾಯಿಯ ಫ್ಯೂಸ್. ಕೆಲವು ಸಲ ಏನೂ ಕೆಟ್ಟೇ ಇರಲ್ಲ.

ನಾನು ಪಾಲಿಸೋ ಕ್ರಮ ಸರಳ. ಕರೆಂಟ್ ಗೋಡೆಯಿಂದ ಹೊರಟು ಎಲ್ಲಿ ನಿಂತಿದೆ ಅಂತ ಒಂದೊಂದೇ ಹೆಜ್ಜೆ ಹುಡುಕ್ತಾ ಹೋಗೋದು.

ಮೊದಲು ಲೈಟ್ ನೋಡಿ. ಚಿಕ್ಕ ಲೈಟ್ ಉರೀತಿದ್ದು ಶಬ್ದ ಮಾತ್ರ ಇಲ್ಲ ಅಂದ್ರೆ ಒಳಗೆ ಕರೆಂಟ್ ಬರ್ತಿದೆ ಅಂತ ಅರ್ಥ. ಸೌಂಡ್‌ಬಾರ್ ಜೊತೆ ಬರೋ ವೈರ್‌ಲೆಸ್ ಸಬ್‌ವೂಫರ್‌ನಲ್ಲಿ ಲೈಟ್ ಮಿನುಗ್ತಿದ್ದರೆ, ಸಾಮಾನ್ಯವಾಗಿ ಅದಕ್ಕೆ ಬಾರ್ ಜೊತೆ ಸಂಪರ್ಕ ಸಿಕ್ಕಿರಲ್ಲ. ಮ್ಯಾನ್ಯುಯಲ್ ನೋಡಿ ಮತ್ತೆ ಪೇರ್ ಮಾಡಿ. ಇನ್ನು ಕೆಲವು ಸಬ್‌ವೂಫರ್‌ಗಳ ಹಿಂದೆ ‘ಆಟೋ’ ಅನ್ನೋ ಸ್ವಿಚ್ ಇರುತ್ತೆ. ಸ್ವಲ್ಪ ಹೊತ್ತು ಸಿಗ್ನಲ್ ಬರದಿದ್ದರೆ ಅದು ತಾನಾಗೇ ಮಲಗುತ್ತೆ. ವಾಲ್ಯೂಮ್ ತೀರಾ ಕಡಿಮೆ ಇದ್ದರೆ ಎಚ್ಚರವಾಗೋದೇ ಇಲ್ಲ. ಸ್ವಿಚ್ಚನ್ನ ‘ಆನ್’ಗೆ ತಳ್ಳಿ ನೋಡಿ.

ಲೈಟೇ ಇಲ್ವಾ? ಅದೇ ಸಾಕೆಟ್‌ಗೆ ಫೋನ್ ಚಾರ್ಜರ್ ಹಾಕಿ. ಚಾರ್ಜ್ ಆಗ್ತಿಲ್ಲ ಅಂದ್ರೆ ತಪ್ಪು ಸಾಕೆಟ್‌ದು, ಇಲ್ಲಾ ಎಕ್ಸ್‌ಟೆನ್ಶನ್ ಬೋರ್ಡ್‌ದು. ಆಗ್ತಿದ್ದರೆ ಮುಂದಿನದು ಪವರ್ ಕಾರ್ಡ್. ಬಿಚ್ಚೋಕೆ ಬರೋ ಕಾರ್ಡ್ ಆದರೆ ಅದೇ ಥರದ ಇನ್ನೊಂದು ಹಾಕಿ ನೋಡಿ. ಎಷ್ಟೋ ಮಾಡೆಲ್‌ಗಳಿಗೆ ಕಂಪ್ಯೂಟರ್‌ನ ಮೂರು ಪಿನ್ ಕಾರ್ಡೇ ಸರಿಹೋಗುತ್ತೆ.

ಆಮೇಲೆ ಫ್ಯೂಸ್. ಪ್ಲಗ್ಗನ್ನ ಗೋಡೆಯಿಂದ ಕಿತ್ತ ಮೇಲೇನೇ ಇದನ್ನ ಮುಟ್ಟಬೇಕು. ಕಾರ್ಡ್ ಸೇರೋ ಜಾಗದ ಹತ್ತಿರ ಸಣ್ಣ ಮುಚ್ಚಳ ಇದ್ದರೆ ಒಳಗೆ ಗಾಜಿನ ಫ್ಯೂಸ್ ಇರುತ್ತೆ. ತಂತಿ ತುಂಡಾಗಿ ಗಾಜು ತಿಳಿಯಾಗೇ ಇದ್ದರೆ ಒಂದು ಸಲ ಬದಲಾಯಿಸಿ ನೋಡಬಹುದು. ಗುಡುಗು ಮಳೆಯಲ್ಲಿ ಕರೆಂಟ್ ಹೋಗಿ ಬಂದಾಗ ಇಂಥ ಫ್ಯೂಸ್ ಸುಡೋದುಂಟು. ಗಾಜು ಕಪ್ಪಾಗಿದ್ದರೆ ಒಳಗೆ ದೊಡ್ಡ ಶಾರ್ಟ್ ಆಗಿರೋ ಸಾಧ್ಯತೆ ಹೆಚ್ಚು, ಅಲ್ಲಿಗೇ ನಿಲ್ಲಿಸಿ. ಹೊಸ ಫ್ಯೂಸ್ ಮೇಲೆ ಹಳೆಯದರಷ್ಟೇ ಆಂಪಿಯರ್ ಬರೆದಿರಬೇಕು. ‘ಟಿ’ ಅಂತಿದ್ದರೆ ನಿಧಾನವಾಗಿ ಸುಡೋದು, ‘ಎಫ್’ ಅಂದ್ರೆ ಬೇಗ ಸುಡೋದು, ಅದೂ ಹೊಂದಬೇಕು. ಬೆಂಗಳೂರಿನವರಿಗೆ ಎಸ್‌.ಪಿ. ರೋಡ್ ಇದೆ, ಬೇರೆ ಊರಲ್ಲಿ ಟಿವಿ ರಿಪೇರಿ ಅಂಗಡಿಯಲ್ಲಿ ಕೇಳಿ. ಫ್ಯೂಸ್ ಜಾಗಕ್ಕೆ ತಂತಿ ಸುತ್ತೋದು, ಸಿಗರೇಟ್ ಪ್ಯಾಕಿನ ಹಾಳೆ ಇಡೋದು ಮಾತ್ರ ಬೇಡವೇ ಬೇಡ. ಫ್ಯೂಸ್ ಸುಡದಿದ್ದರೆ ಅದರ ಬದಲು ಮನೆ ಸುಡಬಹುದು.

ಅಮೆರಿಕದಲ್ಲಿರೋ ಅಣ್ಣನೋ ಅಕ್ಕನೋ ತಂದುಕೊಟ್ಟ ಸೆಟ್ಟಾ? ಅಲ್ಲಿ ಕರೆಂಟ್ 120 ವೋಲ್ಟ್, ನಮ್ಮಲ್ಲಿ 230. ಹಿಂಬದಿಯಲ್ಲಿ ಏನು ಬರೆದಿದೆ ಅಂತ ಓದದೆ ನೇರವಾಗಿ ಪ್ಲಗ್ ಹಾಕಬೇಡಿ.

ಇನ್ನೊಂದು ಲಕ್ಷಣ: ಆನ್ ಆಗಿ ‘ಟಿಕ್’ ಅಂದು ತಕ್ಷಣ ಆಫ್ ಆಗೋದು. 5.1 ಸೆಟ್‌ಗಳಲ್ಲಿ ಎಷ್ಟೋ ಸಲ ಎಲ್ಲಾ ಸ್ಪೀಕರ್‌ಗಳ ಆಂಪ್ಲಿಫೈಯರ್ ಸಬ್‌ವೂಫರ್ ಒಳಗೇ ಇರುತ್ತೆ. ಸ್ಪೀಕರ್‌ನ ಎರಡು ತಂತಿ ಒಂದಕ್ಕೊಂದು ತಾಗಿದ್ದರೆ ಅದು ತನ್ನನ್ನ ಕಾಪಾಡಿಕೊಳ್ಳೋಕೆ ಆಫ್ ಆಗುತ್ತೆ. ಪ್ಲಗ್ ಕಿತ್ತು, ಎಲ್ಲಾ ಸ್ಪೀಕರ್ ತಂತಿ ತೆಗೆದು, ಮತ್ತೆ ಆನ್ ಮಾಡಿ. ಈಗ ನಿಂತರೆ ದೋಷ ತಂತಿಯದ್ದು.

ಇಷ್ಟಾದ್ರೂ ಜೀವ ಬರದಿದ್ದರೆ, ಅಥವಾ ಹೊಸ ಫ್ಯೂಸೂ ತಕ್ಷಣ ಸುಟ್ಟರೆ, ನಿಮ್ಮ ಕೆಲಸ ಮುಗೀತು. ಯೂಟ್ಯೂಬ್ ನೋಡ್ಕೊಂಡು ಡಬ್ಬಿ ಬಿಚ್ಚಬೇಡಿ. 230 ವೋಲ್ಟ್ ಎಸಿ ಒಳಗೆ ಡಿಸಿ ಆದಾಗ ದೊಡ್ಡ ಕೆಪಾಸಿಟರ್‌ಗಳಲ್ಲಿ ಸುಮಾರು 325 ವೋಲ್ಟ್ ತುಂಬಿರಬಹುದು. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿಯುತ್ತೆ. ಜೀವಕ್ಕೇ ಅಪಾಯ. ವಾರಂಟಿ ಇದ್ದರೆ ಅದೂ ಹೋಗುತ್ತೆ.

ರಿಪೇರಿಯವರ ಹತ್ರ ಹೋದಾಗ ಬರೀ ‘ಆನ್ ಆಗ್ತಿಲ್ಲ’ ಅನ್ನಬೇಡಿ. ಯಾವಾಗಿಂದ, ಗುಡುಗಿತ್ತಾ, ಸುಟ್ಟ ವಾಸನೆ ಬಂತಾ, ಏನೇನು ಪರೀಕ್ಷೆ ಮಾಡಿದ್ರಿ, ಎಲ್ಲಾ ಹೇಳಿ. ಖರ್ಚೆಷ್ಟು ಅಂತ ಮೊದಲೇ ಕೇಳಿ. ಪವರ್ ಸಪ್ಲೈ ಬೋರ್ಡ್ ಮಾತ್ರ ಹೋಗಿದ್ರೆ ಎಷ್ಟೋ ಸಲ ರಿಪೇರಿ ಮಾಡಬಹುದು. ಅದು ಗೊತ್ತಾದ ಮೇಲೆ ಹೊಸದು ಬೇಕಾ ಬೇಡವಾ ಅಂತ ಯೋಚನೆ ಮಾಡಿ.

ಇವತ್ತಿಗೆ ಇಷ್ಟೇ. ಮತ್ತೆ ಸಿಗೋಣ.